ಏನೂ ಬೆಳೆಯದ ಟ್ಯೂಬು

ನಮ್ಮ ಮನೆಗೆ ಇಬ್ಬರು ಸೊಸೆಯರು. ದೊಡ್ಡ ಸೊಸೆ ಆಕೆ, ಚಿಕ್ಕವಳು ನಾನು. ಇಬ್ಬರೂ ಬೆಳಿಗ್ಗೆ ಒಂದೇ ಬಸ್ಸು ಹತ್ತಿ ಒಂದೇ ಕಟ್ಟಡಕ್ಕೆ ಕೆಲಸಕ್ಕೆ ಹೋಗುತ್ತೇವೆ. ಆಕೆ ಕ್ಷಯರೋಗದ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಟೆಕ್ನಿಷಿಯನ್. ನಾನು ಅದರ ಕೆಳಮಹಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಆಕೆ ಬರೆದು ಕಳಿಸಿದ್ದನ್ನು ಟೈಪು ಮಾಡುವವಳು. ಆ ಕೆಲಸ ಕೊಡಿಸಿದವಳೂ ಆಕೆಯೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ ಘನಂದಾರಿ ಕೆಲಸ ಓದಿ ನೀವು ನನ್ನನ್ನು ಬೈಯುವಾಗ ಇದನ್ನೂ ಸೇರಿಸಿಕೊಂಡು ಬೈಯಬಹುದು.

ಓರಗಿತ್ತಿಯರು ಹೇಗಿರುತ್ತಾರೋ ಹಾಗೇ ಇದ್ದೆವು. ಅತ್ತೆ ದಿನಕ್ಕೆ ಹತ್ತು ಸಲ "ದೊಡ್ಡವಳನ್ನ ನೋಡಿ ಕಲಿ" ಅನ್ನುತ್ತಿದ್ದರು. ನನಗೆ ದಿನಕ್ಕೆ ಹತ್ತು ಸಲ ಮೈಯೆಲ್ಲ ಉರಿಯುತ್ತಿತ್ತು. ಆಕೆ ಲೋಟ ತೊಳೆದರೆ ಅದರ ತಳವನ್ನು ಬೆಳಕಿಗೆ ಹಿಡಿದು ನೋಡದೆ ಕೆಳಗಿಡುವವಳಲ್ಲ. ನನಗೋ, ಲೋಟ ಒದ್ದೆಯಾಗಿದ್ದರೆ ತೊಳೆದಾಯಿತು ಎಂದೇ ಲೆಕ್ಕ.

ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ಟ್ಯೂಬಕ್ಕ ಎನ್ನುತ್ತಾರೆ. ರೋಗಿಗಳ ಕಫವನ್ನು ಶುದ್ಧ ಮಾಡಿ, ಮೊಟ್ಟೆ ಬೆರೆಸಿ ತಯಾರಿಸಿದ ಹಸಿರು ಬಣ್ಣದ ಆಹಾರವಿರುವ ಗಾಜಿನ ಟ್ಯೂಬುಗಳಿಗೆ ಹಾಕಿ, ಬೆಚ್ಚಗಿನ ಕೋಣೆಯಲ್ಲಿ ಎಂಟು ವಾರ ಇಡುವುದು ಆಕೆಯ ಕೆಲಸ. ಕ್ಷಯದ ಕ್ರಿಮಿ ನನಗಿಂತ ಸೋಮಾರಿ. ಇದ್ದರೂ ತಕ್ಷಣ ಮುಖ ತೋರಿಸುವುದಿಲ್ಲ. ಮೂರನೆಯದೋ ನಾಲ್ಕನೆಯದೋ ವಾರದಲ್ಲಿ ಹಸಿರಿನ ಮೇಲೆ ಬ್ರೆಡ್ಡಿನ ಪುಡಿ ಉದುರಿದ ಹಾಗೆ ಕಾಣಿಸಿಕೊಳ್ಳುತ್ತದೆ. ಟ್ಯೂಬಕ್ಕ ವಾರಕ್ಕೊಮ್ಮೆ ಒಂದೊಂದನ್ನೂ ಬೆಳಕಿಗೆ ಎತ್ತಿ, "ಏನಪ್ಪಾ, ಒಳಗಿದ್ದೀಯೋ ಇಲ್ವೋ?" ಎಂದು ಕೇಳುತ್ತಾಳೆ. ಎಂಟು ವಾರವಾದರೂ ಏನೂ ಬೆಳೆಯದಿದ್ದರೆ ಆಕೆಯ ಮುಖ ನೋಡಬೇಕು! ಆ ಟ್ಯೂಬು ಖಾಲಿಯಿದ್ದಷ್ಟೂ ಆಕೆಗೆ ಹೊಟ್ಟೆ ತುಂಬುತ್ತದೆ.

ಆಕೆಗೆ ಎರಡು ಹಟಗಳಿದ್ದವು. ಒಂದು, ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಶೀಶೆಯ ಮುಚ್ಚಳ ತೆಗೆಯುವುದು. ಬೇರೆಯವರು ನಾಲ್ಕೈದನ್ನು ಒಟ್ಟಿಗೆ ತೆರೆದು ಬೇಗ ಮುಗಿಸಿ ಚಹಾಕ್ಕೆ ಹೋಗುತ್ತಿದ್ದರು. ಒಬ್ಬರ ಶೀಶೆಯಿಂದ ಸಿಡಿದ ಹನಿ ಇನ್ನೊಬ್ಬರ ಟ್ಯೂಬಿಗೆ ಬಿದ್ದರೆ ರೋಗವಿಲ್ಲದವನಿಗೂ ರೋಗದ ವರದಿ ಹೋಗುತ್ತದೆ. ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ. ಇನ್ನೊಂದು ಹಟ ಪೆನ್ಸಿಲಿನದು. ಶೀಶೆ ತಗೊಳ್ಳುವ ಕಿಟಕಿಯಲ್ಲಿ ರೋಗಿಯನ್ನು ಮಾತಿಗೆಳೆದು, ಅವನ ಕಾರ್ಡಿನ ಬೆನ್ನಿಗೆ ಅಂದಿನ ತಾರೀಖು ಹಾಕಿ, ಅವನು ದಿನವಿಡೀ ಎಲ್ಲಿ ಕೂರುತ್ತಾನೆ, ಯಾರ ಪಕ್ಕ ಮಲಗುತ್ತಾನೆ ಎಂದೆಲ್ಲ ಬರೆದಿಡುತ್ತಿದ್ದಳು. ಕಾರ್ಡಿನ ಮುಂದುಗಡೆ ಇದ್ದದ್ದು ಹೆಸರು, ನಂಬರು, ಮನೆ ವಿಳಾಸ ಮಾತ್ರ.

"ಮನೆ ವಿಳಾಸ ತಗೊಂಡು ಏನ್ ಮಾಡ್ತಾರೆ?" ಎಂದು ಆಕೆಯ ವಾದ. "ಮನುಷ್ಯ ಮನೆಗೆ ಬರೋದು ಉಂಡು ಮಲಗೋಕೆ. ಕೆಮ್ಮೋದೆಲ್ಲ ಕೆಲಸದ ಜಾಗದಲ್ಲೇ."

"ಕಾರ್ಡಿನ ಹಿಂದೆ ಕಾದಂಬರಿ ಬರೀಬೇಡಿ ಅಮ್ಮಾ," ಎಂದು ದೊಡ್ಡ ಡಾಕ್ಟರು ಎರಡು ಸಲ ಗದರಿದ್ದರು. ಅವರು ಪ್ರಯೋಗಾಲಯದ ಮುಖ್ಯಸ್ಥರು. ಅವರು ಗದರಿದ ಮರುದಿನ ಟ್ಯೂಬಕ್ಕ ಪೆನ್ಸಿಲನ್ನು ಇನ್ನೂ ಚೂಪಾಗಿ ಕೆತ್ತಿಕೊಂಡು ಬರುತ್ತಿದ್ದಳು, ಅಷ್ಟೇ.

ಆ ವರ್ಷ ಒಂದು ಹೊಸ ವ್ಯವಸ್ಥೆ ಬಂತು. ಎಷ್ಟು ತಿಂಗಳು ಮಾತ್ರೆ ನುಂಗಿದರೂ ಗುಣವಾಗದ ಹನ್ನೆರಡು ಜನರ ಟ್ಯೂಬುಗಳನ್ನು ದೂರದ ದೊಡ್ಡ ಸಂಸ್ಥೆಯೊಂದಕ್ಕೆ ಕಳಿಸಿದರು. ಅಲ್ಲಿ ಕ್ರಿಮಿಯ ಜೀನುಗಳನ್ನು ಆದಿಯಿಂದ ಅಂತ್ಯದವರೆಗೆ ಓದುತ್ತಾರಂತೆ. ಆ ವಿಭಾಗದ ಹೆಂಗಸನ್ನು ನಾವು ಜೀನ್ ಮೇಡಂ ಎಂದು ಕರೆಯುತ್ತಿದ್ದೆವು. ಒಂದು ಸೋಮವಾರ ಅವರ ವರದಿ ಬಂತು. ಹನ್ನೆರಡರಲ್ಲಿ ಆರು ಟ್ಯೂಬುಗಳ ಕ್ರಿಮಿ ಹೆಚ್ಚುಕಡಿಮೆ ಒಂದೇ, ಒಂದೇ ತಾಯಿಯ ಮಕ್ಕಳಂತೆ. ಮುಖ್ಯವಾದ ಮಾತ್ರೆಗಳಲ್ಲಿ ಎರಡು ಅದಕ್ಕೆ ನಾಟುವುದೇ ಇಲ್ಲ. ನಮ್ಮಲ್ಲಿ ಎರಡು ಗಂಟೆಯಲ್ಲಿ ಫಲಿತಾಂಶ ಕೊಡುವ ಯಂತ್ರವೊಂದಿದೆ. ಅದು ಜೀನಿನ ಒಂದು ಸಣ್ಣ ತುಣುಕನ್ನು ಮಾತ್ರ ನೋಡುತ್ತದೆ. ಈ ಕ್ರಿಮಿಯ ಬದಲಾವಣೆ ಆ ತುಣುಕಿನ ಆಚೆಗಿತ್ತು. ಹಾಗಾಗಿ ಯಂತ್ರ ಆರೂ ಜನರಿಗೆ 'ಸಾಮಾನ್ಯ ಕ್ಷಯ' ಎಂದು ಬರೆದುಕೊಟ್ಟಿತ್ತು, ಅವರು ನಾಟದ ಮಾತ್ರೆಗಳನ್ನೇ ನಿಯತ್ತಿನಿಂದ ನುಂಗುತ್ತಿದ್ದರು. ಒಬ್ಬ ಲಾರಿ ಚಾಲಕ ಆಗಲೇ ತೀರಿಕೊಂಡಿದ್ದ. ಉಳಿದದ್ದು ಐದು ಜನ.

ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು. ಅವರು ಕೆಟ್ಟವರಲ್ಲ. ಆದರೆ ಅಂದು ಮೂಗಿನ ತುದಿಯಲ್ಲೇ ಕೋಪವಿತ್ತು.

"ಈ ಆರು ಜನ ಮೂರು ಊರಿನವರು. ಬಂದರಿನ ಊರು, ಗಣಿ ಊರು, ನಮ್ಮೂರು. ಒಂದರಿಂದ ಒಂದಕ್ಕೆ ಒಂದು ದಿನದ ದಾರಿ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಕೆಮ್ಮು ಅಷ್ಟು ದೂರ ಹಾರತ್ತಾ? ಯಂತ್ರ ಸಾಮಾನ್ಯ ಕ್ಷಯ ಅನ್ನತ್ತೆ. ನಿಮ್ಮ ಟ್ಯೂಬು ಮಾತ್ರ ಬೇರೆ ಹೇಳತ್ತೆ. ಯಾಕೆ ಅಂತ ನಾನು ಹೇಳ್ಲಾ? ಒಬ್ಬನ ಶೀಶೆಯ ಹನಿ ಉಳಿದ ಐದಕ್ಕೂ ಸಿಡಿದಿದೆ."

"ಸರ್, ನಾನು ಒಂದು ಸಲಕ್ಕೆ ಒಂದೇ ಶೀಶೆ ತೆಗೆಯೋದು," ಎಂದಳು ಟ್ಯೂಬಕ್ಕ.

"ಇರಬಹುದು. ಆದ್ರೆ ಕಂಪ್ಯೂಟರ್ ನೋಡಿ. ಆರಕ್ಕೂ ಒಂದೇ ತಾರೀಖು. ಒಂದೇ ದಿನ, ಒಂದೇ ಮೇಜು, ಒಂದೇ ಕೈ."

ಆ ತಾರೀಖು ಟ್ಯೂಬಕ್ಕನದಲ್ಲ, ನನ್ನದು. ಹೊಸ ಪ್ರೋಗ್ರಾಂ ಬಂದಾಗ ಹಳೆಯ ಕಾರ್ಡುಗಳನ್ನೆಲ್ಲ ಅದಕ್ಕೆ ಏರಿಸಬೇಕಾಗಿತ್ತು. 'ಪರೀಕ್ಷೆಗೆ ಹಾಕಿದ ದಿನ' ಎನ್ನುವ ಚೌಕ ಖಾಲಿ ಬಿಟ್ಟರೆ ಆ ಹಾಳು ಪ್ರೋಗ್ರಾಂ ಮುಂದಕ್ಕೇ ಹೋಗುತ್ತಿರಲಿಲ್ಲ. ಒಂದೊಂದು ಕಾರ್ಡನ್ನೂ ತಿರುವಿ ಹಿಂದಿನ ಪೆನ್ಸಿಲ್ ಬರಹ ಓದುವ ತಾಳ್ಮೆ ಯಾರಿಗಿದೆ? ಗುಣವಾಗದವರ ಆ ಹನ್ನೆರಡು ಕಾರ್ಡನ್ನು ಒಂದೇ ಮಧ್ಯಾಹ್ನ ಟೈಪು ಮಾಡಿ, ಎಲ್ಲಕ್ಕೂ ಅಂದಿನ ತಾರೀಖನ್ನೇ ಒತ್ತಿ, ಊಟಕ್ಕೆ ಎದ್ದು ಹೋಗಿದ್ದೆ. ಹಳೆಯ ರಿಜಿಸ್ಟರುಗಳು ಆಗಲೇ ಕೇಂದ್ರ ಕಚೇರಿ ಸೇರಿದ್ದವು. ಅಲ್ಲಿಂದ ವಾಪಸು ತರಿಸಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು.

"ಗುರುವಾರ ಜೀನ್ ಮೇಡಂ ಬರ್ತಾರೆ," ಎಂದರು ಡಾಕ್ಟರು. "ಅವರೂ ಒಪ್ಪಿದ್ರೆ ಆರೂ ವರದಿ ರದ್ದು. ಮತ್ತೆ ಮೊದಲಿಂದ ಕಫ ತಗೊಂಡು, ಟ್ಯೂಬಿಗೆ ಹಾಕಿ, ಕಾಯೋಣ. ಅಲ್ಲೀವರೆಗೂ ಹಳೇ ಮಾತ್ರೆಯೇ. ಟ್ಯೂಬಿನ ಕೋಣೆ ಬೇರೆಯವರು ನೋಡ್ಕೊಳ್ಳಲಿ."

ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು: ನನಗೆ ಕೆಲಸ ಹೋಗುತ್ತದೆಂಬ ಭಯ. ಅದಕ್ಕಿಂತ ಹೆಚ್ಚಾಗಿ, ಅತ್ತೆಯ ಮುಂದೆ ಮುಖ ತೋರಿಸುವುದು ಹೇಗೆ ಎಂಬ ಭಯ. ಅಂದು ಸಂಜೆ ಟ್ಯೂಬಕ್ಕ ತಟ್ಟೆಯ ಮುಂದೆ ಕುಳಿತು ಕೈ ಆಡಿಸಿ ಎದ್ದಳು. ಅತ್ತೆ "ಮೈಗೆ ಹುಷಾರಿಲ್ವಾ?" ಎಂದು ಕೇಳಿದರು. "ಇಲ್ಲ ಅತ್ತೆ, ಹಸಿವಿಲ್ಲ" ಎಂದಳು. ಆಮೇಲೆ ನನ್ನ ಹತ್ತಿರ, "ನನ್ನ ಮಾತು ಬಿಡು. ಆ ಆರು ಜನರಲ್ಲಿ ಒಬ್ಬಳು ಹುಡುಗಿ, ಬರೀ ಮೂವತ್ನಾಲ್ಕು ಕಿಲೋ ಇದ್ದಾಳೆ. ಇನ್ನೂ ಎರಡು ಮೂರು ತಿಂಗಳು ನಾಟದ ಮಾತ್ರೆ ತಿಂದ್ರೆ ಉಳೀತಾಳಾ?" ಎಂದಳು. ನಾನು ಪಾತ್ರೆ ತಿಕ್ಕುತ್ತಲೇ ಇದ್ದೆ. ತೊಳೆದ ಲೋಟವನ್ನೇ ಮೂರು ಸಲ ತೊಳೆದೆ.

ಆ ಹುಡುಗಿ, ಆರರಲ್ಲಿ ಕೊನೆಯವಳು, ಮಂಗಳವಾರ ತಾಯಿಯ ಜೊತೆ ಕಿಟಕಿಗೆ ಬಂದಳು. ಹತ್ತೊಂಬತ್ತು ವರ್ಷ. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಹಿಂದಿನ ಸಲ ಬಂದಾಗ, ದಿನವಿಡೀ ಟೈಪಿಂಗ್ ಕ್ಲಾಸಿನಲ್ಲಿರುತ್ತೇನೆ ಎಂದಿದ್ದಳಂತೆ. ನಾನು ಯಾವುದೋ ಕಾಗದ ಕೊಡಲು ಮೇಲೆ ಹೋಗಿದ್ದೆ. ಟ್ಯೂಬಕ್ಕ ಹುಡುಗಿಯ ಕೈ ಹಿಡಿದು ತಿರುಗಿಸಿ ನೋಡುತ್ತಿದ್ದಳು. ಹೆಬ್ಬೆರಳಿನಲ್ಲೂ ಅಂಗೈಯಲ್ಲೂ ಚುಚ್ಚಿ ಒಣಗಿದ ಗಾಯಗಳು.

"ಟೈಪ್ ಮಾಡೋರ ಕೈ ನಾನು ದಿನಾ ನೋಡ್ತೀನಿ," ಎಂದು ನನ್ನ ಕಡೆ ಗದ್ದ ತೋರಿಸಿದಳು. "ಬೆಣ್ಣೆ ಹಾಗಿರತ್ತೆ. ಇದು ದಬ್ಬಳ ಚುಚ್ಚಿದ ಕೈ. ಗೋಣಿ ಹೊಲೀತೀಯಾ?"

ಹುಡುಗಿ ತಾಯಿಯ ಕಡೆ ನೋಡಿದಳು. ತಾಯಿ ಹುಬ್ಬು ಗಂಟಿಕ್ಕಿದರು. ನಾನಾಗಿದ್ದರೆ ಒಂದು ಸುಳ್ಳು ಹೇಳಿ ಅಲ್ಲಿಂದ ಕಾಲ್ಕೀಳುತ್ತಿದ್ದೆ. ಆ ಹುಡುಗಿ ಮಾತ್ರ ತಲೆಯೆತ್ತಿ, "ಅಮ್ಮಾ, ನಾನು ಕ್ಲಾಸಿಗೆ ಹೋಗ್ತಾ ಇರ್ಲಿಲ್ಲ. ಬೈಪಾಸ್ ಹತ್ರ ಪಾರ್ಸೆಲ್ ಗೋಡೌನ್ ಇದೆಯಲ್ಲ, ಅಲ್ಲಿ ಹರಿದ ಮೂಟೆ ಹೊಲೀತಿದ್ದೆ. ನೀನೊಬ್ಬಳೇ ದುಡಿಯೋದು ನೋಡೋಕೆ ಆಗ್ಲಿಲ್ಲ," ಎಂದಳು. "ಹೊರಗೆ ಬಿಸಿಲು ಅಂತ ಡ್ರೈವರ್‌ಗಳು ಮಲಗೋ ಕೋಣೆಯಲ್ಲೇ ಕೂರ್ತಿದ್ದೆ, ಅಕ್ಕಾ. ಆ ಕೋಣೆಗೆ ಕಿಟಕಿ ಇಲ್ಲ."

ತಾಯಿ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೂವತ್ನಾಲ್ಕು ಕಿಲೋ ತೂಕದ ಹುಡುಗಿಗಿರುವ ಧೈರ್ಯ ಅರವತ್ತೆಂಟು ಕಿಲೋ ಇರುವ ನನಗಿಲ್ಲವೇ? ಟ್ಯೂಬಕ್ಕನನ್ನು ಕಾರಿಡಾರಿಗೆ ಎಳೆದುಕೊಂಡು ಹೋಗಿ, ತಾರೀಖಿನ ವಿಷಯವನ್ನು ಒಂದೇ ಉಸಿರಿಗೆ ಕಕ್ಕಿಬಿಟ್ಟೆ.

ಆಕೆ ನನ್ನನ್ನು ನೋಡಿದ ನೋಟವಿದೆಯಲ್ಲ, ಹೊಡೆದಿದ್ದರೂ ವಾಸಿಯಿತ್ತು.

"ನಿನ್ನೆ ರಾತ್ರಿ ನನ್ನ ಮುಂದೆ ಕೂತು ಉಂಡೆಯಲ್ಲೇ!" ಎಂದಳು. ಮರುಗಳಿಗೆಯೇ ಕೇಳಿದಳು: "ಹಳೇ ಕಾರ್ಡುಗಳೆಲ್ಲಿ?"

"ಟೈಪ್ ಆದ್ಮೇಲೆ ರದ್ದಿಗೆ ಹಾಕು ಅಂದಿದ್ರು..."

"ಹಾಕಿದ್ಯಾ?"

"ಇಲ್ಲ ಅಕ್ಕಾ. ಪೆಟ್ಟಿಗೆಗೆ ತುಂಬಿ ಮೇಜಿನ ಕೆಳಗೆ ಇಟ್ಕೊಂಡಿದ್ದೀನಿ. ಕಾಲಿಡೋಕೆ ಎತ್ತರ ಸರಿಯಾಗಿದೆ ಅಂತ."

ಟ್ಯೂಬಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಗೆ ನಕ್ಕಳು. "ನಿನ್ನ ಸೋಮಾರಿತನಕ್ಕೆ ಒಂದು ಹಾರ ಹಾಕ್ಬೇಕು," ಎನ್ನುತ್ತ ಮೆಟ್ಟಿಲನ್ನು ಎರಡೆರಡಾಗಿ ಇಳಿದಳು. ಇಬ್ಬರೂ ನೆಲದ ಮೇಲೆ ಕುಳಿತು ಪೆಟ್ಟಿಗೆ ಸುರಿದೆವು. ಸಾವಿರದ ಚಿಲ್ಲರೆ ಕಾರ್ಡುಗಳು. ಒಂದು ಗಂಟೆ ಹುಡುಕಿದ ಮೇಲೆ ಆರೂ ಸಿಕ್ಕವು. ತಿರುವಿದೆವು. ತೀರಿಹೋದ ಲಾರಿ ಚಾಲಕ: 'ಬೈಪಾಸ್ ಗೋಡೌನು, ಮಲಗುವ ಕೋಣೆ'. ಬಂದರಿನ ಊರಿನ ಚಾಲಕ ಮತ್ತು ಅವನ ಕ್ಲೀನರ್: 'ವಾರಕ್ಕೆರಡು ರಾತ್ರಿ ಬೈಪಾಸ್ ಗೋಡೌನು'. ಕಾವಲುಗಾರ, ಗಣಿ ಊರಿನಿಂದ ಬಂದ ಹಮಾಲಿ, ಇಬ್ಬರದೂ ಅದೇ. ಅವರ ಮನೆಗಳು ಮೂರು ಊರುಗಳಲ್ಲಿ ಚದುರಿದ್ದವು. ಆದರೆ ಎಲ್ಲರೂ ಉಸಿರಾಡಿದ್ದು ಒಂದೇ ಕೋಣೆಯ ಗಾಳಿ. ತಾರೀಖುಗಳು ಎರಡೂವರೆ ವರ್ಷದ ಉದ್ದಕ್ಕೂ ಹರಡಿಕೊಂಡಿದ್ದವು. ಟ್ಯೂಬಕ್ಕ ಹುಡುಗಿಯ ಕಾರ್ಡಿನಲ್ಲಿ 'ಟೈಪಿಂಗ್ ಕ್ಲಾಸು' ಎಂದಿದ್ದಕ್ಕೆ ಒಂದು ಗೆರೆ ಎಳೆದು, ಕೆಳಗೆ ಗೋಡೌನು ಎಂದು ಬರೆದು, ಪಕ್ಕದಲ್ಲಿ ಅಂದಿನ ತಾರೀಖು ಹಾಕಿದಳು. ಆಕೆ ತಿದ್ದುವಾಗಲೂ ತಾರೀಖು ಹಾಕುವವಳು.

"ಗುರುವಾರ ನೀನೇ ಹೇಳ್ಬೇಕು," ಎಂದಳು ನನಗೆ. "ನಾನು ಹೇಳಲ್ಲ."

ಗುರುವಾರ ಉದ್ದ ಮೇಜಿನ ಒಂದು ತುದಿಯಲ್ಲಿ ದೊಡ್ಡ ಡಾಕ್ಟರು, ಇನ್ನೊಂದು ತುದಿಯಲ್ಲಿ ಜೀನ್ ಮೇಡಂ. ಮೇಡಂ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ದಪ್ಪ ಕನ್ನಡಕ, ಕೈಯಲ್ಲೊಂದು ನಕ್ಷೆ. ಡಾಕ್ಟರು ಮಾತು ಶುರುಮಾಡುವ ಮೊದಲೇ ನಾನು ಎದ್ದು ನಿಂತೆ.

"ಸರ್, ಆ ತಾರೀಖು ತಪ್ಪು. ಅದು ನಾನು ಟೈಪ್ ಮಾಡಿದ ದಿನ. ಪರೀಕ್ಷೆ ದಿನ ಅಲ್ಲ. ನೋಡೋಕೆ ಸೋಮಾರಿತನ ಆಗಿ ಎಲ್ಲಕ್ಕೂ ಒಂದೇ ಒತ್ತಿದೆ. ಅಕ್ಕನದು ಏನೂ ತಪ್ಪಿಲ್ಲ."

ಟ್ಯೂಬಕ್ಕ ಆರು ಕಾರ್ಡುಗಳನ್ನು ಮೇಜಿನ ಮೇಲಿಟ್ಟಳು. ಡಾಕ್ಟರು ಒಂದನ್ನೆತ್ತಿ ತಿರುವಿ ನೋಡಿ, ವಾಪಸು ಇಟ್ಟರು.

"ಇದು ಪೆನ್ಸಿಲ್. ನಿನ್ನೆ ಮನೆಯಲ್ಲಿ ಕೂತು ಬರೆದದ್ದಲ್ಲ ಅಂತ ನಾನು ಹೇಗೆ ನಂಬಲಿ? ನೀವಿಬ್ಬರೂ ಒಂದೇ ಮನೆಯವರು."

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಪ್ರಶ್ನೆಯೇ ನಮ್ಮನ್ನು ಉಳಿಸಿತು. ಯಾಕೆಂದರೆ ಜೀನ್ ಮೇಡಂ ಕುರ್ಚಿಯ ತುದಿಗೆ ಸರಿದು, "ಒಂದ್ನಿಮಿಷ ಸರ್," ಎಂದರು. "ಎಲ್ಲಾ ಒಂದೇ ದಿನದ್ದಲ್ಲ ಅಂತಾದ್ರೆ ನನ್ನದೂ ಒಂದು ತಪ್ಪಿದೆ. ಈ ಕ್ರಿಮಿಯ ಒಳಗೆ ನಲವತ್ನಾಲ್ಕು ಲಕ್ಷ ಅಕ್ಷರದ ಒಂದು ಪುಸ್ತಕ ಇದೆ ಅಂದ್ಕೊಳ್ಳಿ. ಅದು ಬೆಳೀತಾ ಆ ಪುಸ್ತಕವನ್ನ ನಕಲು ಮಾಡತ್ತೆ. ಎಲ್ಲೋ ಅಪರೂಪಕ್ಕೆ, ಕೆಲವು ತಿಂಗಳಿಗೋ ವರ್ಷಕ್ಕೋ ಒಮ್ಮೆ, ಒಂದಕ್ಷರ ತಪ್ಪು ಬರೆಯತ್ತೆ. ಮುಂದಿನವರಿಗೆ ಹೋಗುವಾಗ ಆ ತಪ್ಪೂ ಜೊತೆಗೇ ಹೋಗತ್ತೆ. ಪರೀಕ್ಷೆಯಲ್ಲಿ ಕಾಪಿ ಹೊಡೆದ ಮಕ್ಕಳ ತಪ್ಪೂ ಒಂದೇ ಇರತ್ತಲ್ಲ, ಹಾಗೆ. ಈ ಆರರಲ್ಲಿ ಒಂದೊಂದಕ್ಷರದ ವ್ಯತ್ಯಾಸ ನನಗೆ ಕಂಡಿತ್ತು. ಎಲ್ಲಾ ಒಂದೇ ದಿನದ್ದು ಅಂತ ಬರೆದಿತ್ತಲ್ಲ, ಅದಕ್ಕೇ ಓದುವಾಗ ಆದ ತಪ್ಪು ಅಂತ ಪಕ್ಕಕ್ಕಿಟ್ಟೆ."

ಅವರು ಒಂದು ಹಾಳೆ ತೆಗೆದು, ಯಾರಿಗೂ ಕಾಣದಂತೆ ಮೊಣಕೈ ಅಡ್ಡವಿಟ್ಟು ಆರು ನಂಬರು ಬರೆದು, ಮಡಚಿ, ಡಾಕ್ಟರ ಕೈಗೆ ಕೊಟ್ಟರು. "ಯಾವುದರಲ್ಲಿ ತಪ್ಪು ಕಡಿಮೆಯೋ ಅದು ಮೊದಲು. ಹೆಚ್ಚಾಗ್ತಾ ಹೋದ ಹಾಗೆ ಬರೆದಿದ್ದೀನಿ. ಇದು ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ, ನಿಮಗೂ ಕಳಿಸಿಲ್ಲ. ಈಗ ಅಕ್ಕ ತಮ್ಮ ತಾರೀಖಿನ ಪ್ರಕಾರ ಕಾರ್ಡು ಜೋಡಿಸಲಿ. ಇವರು ಸುಳ್ಳು ಬರೆದಿದ್ರೆ ಎರಡೂ ಹೊಂದಲ್ಲ."

ಟ್ಯೂಬಕ್ಕ ಕನ್ನಡಕ ಹಾಕಿಕೊಂಡಳು. ಒಂದೊಂದೇ ಕಾರ್ಡನ್ನು, ಒಂದು ಸಲಕ್ಕೆ ಒಂದನ್ನೇ, ಮೇಜಿನ ಮೇಲೆ ಇಡುತ್ತ ಹೋದಳು. ಎರಡನೆಯ ಜಾಗದಲ್ಲಿ ಮಾತ್ರ ಎರಡು ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು, "ಇವರಿಬ್ಬರೂ ಒಂದೇ ಲಾರಿಯವರು. ಒಂದೇ ದಿನ ಬಂದಿದ್ರು," ಎಂದಳು.

ಡಾಕ್ಟರು ಹಾಳೆ ಬಿಡಿಸಿ ಗಟ್ಟಿಯಾಗಿ ಓದತೊಡಗಿದರು. ಮೊದಲ ನಂಬರು, ತೀರಿಹೋದ ಚಾಲಕನದು. ಸರಿಯಿತ್ತು. ಆಮೇಲೆ ಎರಡು ನಂಬರುಗಳ ನಡುವೆ ಮೇಡಂ 'ಇವೆರಡೂ ಒಂದೇ' ಎಂದು ಬರೆದಿದ್ದರು. ಚಾಲಕ ಮತ್ತು ಕ್ಲೀನರ್! ನನ್ನ ಬಾಯಿಂದ "ಅಯ್ಯೋ ದೇವರೇ!" ಎಂದು ಹೊರಟೇಬಿಟ್ಟಿತು. ನಾಲ್ಕು, ಕಾವಲುಗಾರ. ಐದು, ಹಮಾಲಿ. ಆರು, ಗೋಣಿ ಹೊಲಿಯುವ ಹುಡುಗಿ. ಕ್ರಿಮಿ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದ ಸಾಲೂ ಟ್ಯೂಬಕ್ಕ ಕಾರ್ಡಿನ ಬೆನ್ನಿಗೆ ಬರೆದಿದ್ದ ಸಾಲೂ ಒಂದೇ ಒಂದು ನಂಬರು ಆಚೀಚೆಯಾಗದೆ ಕೂಡಿದ್ದವು.

"ಒಂದು ಹನಿ ಸಿಡಿದ್ರೆ ಎಲ್ಲಾ ಅಚ್ಚೊತ್ತಿದ ಹಾಗೆ ಒಂದೇ ಇರ್ಬೇಕಿತ್ತು," ಎಂದರು ಮೇಡಂ. "ಇವು ಎರಡೂವರೆ ವರ್ಷ ನಡೆದು ಬಂದಿವೆ. ಲಾರಿ ಹತ್ತಿ ಮೂರು ಊರು ಸುತ್ತಿವೆ."

ದೊಡ್ಡ ಡಾಕ್ಟರು ಎದ್ದು ನಿಂತರು. ಮೇಜು ಸುತ್ತಿ ಟ್ಯೂಬಕ್ಕನ ಹತ್ತಿರ ಬಂದು, "ಅಮ್ಮಾ, ನಾನು ಆಡಿದ ಮಾತು ತಪ್ಪು. ನಿಮ್ಮ ಕಾದಂಬರಿ ನಾನು ಮೊದಲೇ ಓದಬೇಕಿತ್ತು," ಎಂದರು. ಅಲ್ಲಿಂದಲೇ ಔಷಧಿ ವಿಭಾಗಕ್ಕೆ ಫೋನು ಮಾಡಿ, ಐದು ಜನಕ್ಕೂ ಇವತ್ತೇ ಮಾತ್ರೆ ಬದಲಿಸಿ, ನಾಳೆ ಅನ್ನಬೇಡಿ ಎಂದು ಹೇಳಿದರು. ನನ್ನ ಕಡೆ ತಿರುಗಿ, "ನಿಮಗೊಂದು ಮೆಮೊ ಇದೆ," ಎಂದರು. ಕೆಲಸ ಹೋಗದೆ ಮೆಮೊ ಸಿಕ್ಕಿತಲ್ಲ, ನನಗೆ ಪದಕ ಸಿಕ್ಕಷ್ಟು ಖುಷಿಯಾಯಿತು. ಕಾರಿಡಾರಿಗೆ ಬಂದ ಮೇಲೆ ಟ್ಯೂಬಕ್ಕ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅದು ಬೈಗುಳವೋ ಶಹಬ್ಬಾಸೋ ಇವತ್ತಿಗೂ ಕೇಳಿಲ್ಲ. ಇಬ್ಬರೂ ಗೋಡೆಗೊರಗಿ ಮನಸಾರೆ ಅತ್ತೆವು.

ಮುಂದಿನ ವಾರ ಡಾಕ್ಟರೇ ಖುದ್ದಾಗಿ ಗೋಡೌನಿಗೆ ಹೋದರು. ಮಾಲೀಕ ಮೊದಲು ಹಾರಾಡಿದ, ಆಮೇಲೆ ತಾನೇ ಕೆಮ್ಮಿದ, ಆಮೇಲೆ ತೆಪ್ಪಗಾದ. ಅಲ್ಲಿ ಮಲಗಿ ಎದ್ದುಹೋಗುವವರನ್ನೆಲ್ಲ ಹುಡುಕಿ ಪರೀಕ್ಷಿಸಿದಾಗ ಇನ್ನೂ ಹನ್ನೊಂದು ಜನರಲ್ಲಿ ಅದೇ ಕ್ರಿಮಿ ಸಿಕ್ಕಿತು. ಎಲ್ಲರಿಗೂ ಮೊದಲ ದಿನದಿಂದಲೇ ಸರಿಯಾದ ಮಾತ್ರೆ ಹೋಯಿತು. ಆ ಕೋಣೆಯ ಗೋಡೆ ಒಡೆಸಿದರು. ನಮ್ಮ ಹೊಸ ಕಾರ್ಡಿನ ಮುಂದುಗಡೆಯೇ ಈಗ ಒಂದು ಸಾಲು ಅಚ್ಚಾಗಿದೆ: 'ದಿನವಿಡೀ ಎಲ್ಲಿ ಕೂರುತ್ತೀರಿ?' ನನಗೆ ಸಿಕ್ಕ ನಿಜವಾದ ಶಿಕ್ಷೆ ಆ ಸಾವಿರದ ಚಿಲ್ಲರೆ ಕಾರ್ಡುಗಳ ತಾರೀಖನ್ನೆಲ್ಲ ತಿದ್ದುವುದು. ಟ್ಯೂಬಕ್ಕ ಊಟದ ಬಿಡುವಿನಲ್ಲಿ ಬಂದು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದಳು. ಕಾಲಿಡಲು ಈಗ ಪೆಟ್ಟಿಗೆಯೂ ಇಲ್ಲ.

ಮಾತ್ರೆ ಬದಲಾಗಿ ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ಮೇಲಿನಿಂದ ಫೋನು ಬಂತು. "ಬಾ ಇಲ್ಲಿ," ಎಂದಷ್ಟೇ ಹೇಳಿದಳು. ಬೆಚ್ಚಗಿನ ಕೋಣೆಯ ಗಾಜಿನ ಬಾಗಿಲ ಆಚೆ ಆಕೆ, ಈಚೆ ನಾನು. ಹುಡುಗಿಯ ಟ್ಯೂಬು ಅಂದು ಎಂಟನೆಯ ವಾರ ಮುಗಿಸಿತ್ತು. ಆಕೆ ಅದನ್ನು ಬೆಳಕಿಗೆತ್ತಿ ನಿಧಾನವಾಗಿ ತಿರುಗಿಸಿದಳು. ಮೇಲಿನಿಂದ ಕೆಳತನಕ ನುಣ್ಣಗೆ ಹಸಿರು. ಒಂದು ಚುಕ್ಕೆಯಿಲ್ಲ, ಒಂದು ಪುಡಿಯಿಲ್ಲ. ಟ್ಯೂಬಕ್ಕ ಗಾಜಿನ ಆಚೆಯಿಂದ, "ಟೈಪ್ ಮಾಡು. ತಾರೀಖು ನೋಡ್ಕೊಂಡು!" ಎಂದು ಕೂಗಿದಳು.

ವರದಿ ತಗೊಳ್ಳಲು ಹುಡುಗಿ ತಾಯಿಯ ಜೊತೆ ಕಿಟಕಿಗೆ ಬಂದಳು. ನಲವತ್ತಾರು ಕಿಲೋ. ಕೆನ್ನೆ ತುಂಬಿಕೊಂಡು ಗುರುತೇ ಸಿಗುವಂತಿರಲಿಲ್ಲ. ಇನ್ನೂ ಕೆಲವು ತಿಂಗಳು ಮಾತ್ರೆ ಬಿಡುವಂತಿಲ್ಲ ಎಂದು ಗದರುತ್ತಲೇ ಟ್ಯೂಬಕ್ಕ ಕಾರ್ಡು ತಿರುವಿ, ಪೆನ್ಸಿಲ್ ತೆಗೆದಳು.

"ಈಗ ದಿನವಿಡೀ ಎಲ್ಲಿ ಕೂರ್ತೀಯಾ?"

ಹುಡುಗಿ ತಾಯಿಯ ಮುಖ ನೋಡಿದಳು. ಈ ಸಲ ಇಬ್ಬರೂ ನಕ್ಕರು.

"ಅದೇ ಗೋಡೌನ್ ಅಕ್ಕಾ, ಅದೇ ಕೋಣೆ," ಎಂದಳು. "ಈಗ ಅಲ್ಲಿ ಆರು ಕಿಟಕಿ ಇವೆ. ನಾನು ಕೂರೋದು ಕಿಟಕಿ ಪಕ್ಕ."